ಇದ್ದಿಲು ಹೊತ್ತಿಸುವ ಬಗೆ: ರಾಯಚೂರು ಸೀಮೆಯಿಂದ ಮಲೆನಾಡಿನ ಹಿತ್ತಲಿಗೆ

(ಉಪನ್ಯಾಸದ ಪಠ್ಯ)



ಇದ್ದಿಲು ಹೊತ್ತಿಸುವುದು ಒಂದು ಉಪನ್ಯಾಸಕ್ಕೆ ತಕ್ಕ ವಿಷಯವೇ ಎಂಬ ಸಂದೇಹ ಕೆಲವರಲ್ಲಿ ಮೂಡಬಹುದು. ಬೆಂಕಿಯೊಡನೆ ಹುಟ್ಟಿ ಬೆಳೆದ ಮಲೆನಾಡಿನವರಿಗೆ ಬೆಂಕಿ ಹಚ್ಚುವುದನ್ನು ಕಲಿಸಬೇಕೆ ಎಂಬ ಪ್ರಶ್ನೆಯೂ ಸಹಜವಾದುದೇ. ಆದರೆ ಸೌದೆಗೆ ಬೆಂಕಿ ಹಚ್ಚುವುದು ಬೇರೆ, ಇದ್ದಿಲನ್ನು ಹೊತ್ತಿಸುವುದು ಬೇರೆ. ಸೌದೆಯೊಲೆ ಹೊಗೆಯ ಮೂಲಕ ತನ್ನ ತಪ್ಪನ್ನು ತಾನೇ ಸಾರುತ್ತದೆ. ಇದ್ದಿಲು ತನ್ನ ಅತ್ಯಂತ ಅಪಾಯಕರ ಗಳಿಗೆಯಲ್ಲಿ ಹೊಗೆಯನ್ನೂ ತೋರದೆ, ವಾಸನೆಯನ್ನೂ ಬೀರದೆ ಸುಮ್ಮನಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಗುಡ್ಡದ ಊರುಗಳ ಹೋಮ್‌ಸ್ಟೇಗಳಲ್ಲಿಯೂ ಮನೆಗಳ ಹಿತ್ತಲುಗಳಲ್ಲಿಯೂ ಮೀನು, ಮಾಂಸ, ಗೆಣಸು, ಜೋಳದ ತೆನೆಗಳನ್ನು ಕೆಂಡದ ಮೇಲೆ ಸುಡುವ, ಹೊಗೆಯಲ್ಲಿ ಬೇಯಿಸುವ ಒಲೆಗಳು ಕಾಣಿಸಿಕೊಂಡಿವೆ. ಅವುಗಳೊಡನೆ ಇದ್ದಿಲಿನ ಚೀಲಗಳೂ ಘಟ್ಟ ಹತ್ತಿವೆ. ಆ ಚೀಲ ಎಲ್ಲಿಂದ ಬಂತು, ಅದನ್ನು ಹೇಗೆ ಹೊತ್ತಿಸಬೇಕು, ಎಲ್ಲಿ ಹೊತ್ತಿಸಲೇಬಾರದು ಎಂಬ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಲು ಮಲೆನಾಡಿನಿಂದ ನೂರಾರು ಕಿಲೋಮೀಟರ್ ಮೂಡಣಕ್ಕೆ, ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಎಡೆದೊರೆ ನಾಡಿಗೆ ಹೋಗಬೇಕಾಗುತ್ತದೆ. ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಬಹುಭಾಗ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿದಿದೆ. ಕಾಲುವೆಯ ನೀರು ಕಂಡ ಹೊಲಗಳಲ್ಲಿ ಭತ್ತ ಬಂದಿತು. ನೀರು ಕಾಣದ ಎರೆಯಲ್ಲಿ ಹತ್ತಿ, ತೊಗರಿ, ಜೋಳ ಉಳಿದವು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಸೆಲ್ಸಿಯಸ್ ದಾಟುವ ಈ ಬಯಲಿನಲ್ಲಿ ಬೀಳುಬಿದ್ದ ಹೊಲ, ಹಳ್ಳದ ದಂಡೆ, ಕೆರೆಯಂಗಳ, ಗೋಮಾಳ, ರಸ್ತೆಯ ಬದಿ ಎಂಬ ಭೇದವಿಲ್ಲದೆ ಹಬ್ಬಿ ನಿಂತಿರುವುದು ಬಳ್ಳಾರಿ ಜಾಲಿ.

ಹೆಸರಿನಲ್ಲಿ ಬಳ್ಳಾರಿಯಿದ್ದರೂ ಈ ಮರ ಬಳ್ಳಾರಿಯದಲ್ಲ, ಭಾರತದ್ದೂ ಅಲ್ಲ. ಪ್ರೊಸೋಪಿಸ್ ಜೂಲಿಫ್ಲೋರಾ ಎಂದು ಸಸ್ಯಶಾಸ್ತ್ರಜ್ಞರು ಕರೆಯುವ ಇದರ ತವರು ಅಮೆರಿಕ ಖಂಡದ ಬಿಸಿಲುನಾಡುಗಳು. 1877ರ ಸುಮಾರಿಗೆ, ಉರುವಲಿನ ಕೊರತೆಯನ್ನು ನೀಗಿಸುವ ಉದ್ದೇಶದಿಂದ, ಅಂದಿನ ಮದರಾಸು ಪ್ರಾಂತ್ಯದ ಕಡಪಾ ಸೀಮೆಯಲ್ಲಿ ಇದನ್ನು ಬಿತ್ತಲಾಯಿತು. ಇದರ ಸಿಹಿ ಕಾಯಿಗಳನ್ನು ಆಡು, ಕುರಿ, ದನಗಳು ತಿಂದವು. ಜೀರ್ಣವಾಗದ ಬೀಜ ಸಗಣಿ ಹಿಕ್ಕೆಗಳೊಡನೆ ಊರೂರಿಗೆ ಸಾಗಿತು. ಬೇರು ಆಳಕ್ಕಿಳಿಯುತ್ತದೆ. ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಹತ್ತಾರು ಚಿಗುರುಗಳು ಏಳುತ್ತವೆ. ಮುಳ್ಳು ಕಾಲಿಗೆ ನೆಟ್ಟರೆ ದಿನಗಟ್ಟಲೆ ನೋಯುತ್ತದೆ. ಇದರ ನೆರಳಿನಲ್ಲಿ ಊರಿನ ಹುಲ್ಲು ಬೆಳೆಯುವುದು ಕಷ್ಟ.

ಇಷ್ಟೆಲ್ಲ ದೂರುಗಳ ನಡುವೆ ಇದರಲ್ಲಿ ಒಂದು ಗುಣವಿದೆ. ಕಟ್ಟಿಗೆ ಗಟ್ಟಿ; ಒಣಗಿದ ಮೇಲೆ ನಿಧಾನವಾಗಿ, ಹದವಾಗಿ ಉರಿಯುತ್ತದೆ; ಇದರ ಇದ್ದಿಲು ಬೇಗ ಪುಡಿಯಾಗದೆ ಹೊತ್ತು ಕಾಯುತ್ತದೆ. ಆದುದರಿಂದಲೇ ಗುಜರಾತಿನ ಕಛ್, ತಮಿಳುನಾಡಿನ ರಾಮನಾಥಪುರಗಳಂತೆ ಈ ಬಯಲುಸೀಮೆಯಲ್ಲಿಯೂ ಜಾಲಿಯನ್ನು ಕಡಿದು ಇದ್ದಿಲು ಸುಡುವುದು ಭೂಮಿಯಿಲ್ಲದವರ ಒಂದು ಜೀವನೋಪಾಯವಾಗಿ ಬೆಳೆದಿದೆ.

ಇದ್ದಿಲಿನ ಭಟ್ಟಿಯನ್ನು ಒಮ್ಮೆ ಗಮನಿಸಿದವರಿಗೆ ಬೆಂಕಿಯ ಶಾಸ್ತ್ರದ ಅರ್ಧ ಪಾಠ ಅಲ್ಲಿಯೇ ದೊರೆಯುತ್ತದೆ. ಕಡಿದ ಕಟ್ಟಿಗೆಯನ್ನು ಕೆಲವು ವಾರ ಬಿಸಿಲಿಗೆ ಒಣಗಿಸಿ, ದಪ್ಪ ತುಂಡುಗಳು ನಡುವೆ, ಸಣ್ಣವು ಹೊರಗೆ ಬರುವಂತೆ ಒತ್ತೊತ್ತಾಗಿ ಪೇರಿಸುತ್ತಾರೆ. ಮೇಲೆ ಹುಲ್ಲು, ಸೊಪ್ಪು ಹೊದಿಸಿ, ಅದರ ಮೇಲೆ ಹಸಿಮಣ್ಣನ್ನು ಮೆತ್ತುತ್ತಾರೆ. ಬೆಂಕಿ ಇಡಲು ಒಂದು ಬಾಯಿ, ಹೊಗೆ ಹೋಗಲು ಕೆಲವು ಕಿಂಡಿಗಳು ಮಾತ್ರ ಉಳಿಯುತ್ತವೆ. ಒಳಗೆ ಬೆಂಕಿ ಹಿಡಿಯಿತೆಂದು ಖಚಿತವಾದ ಮೇಲೆ ಬಾಯಿಯನ್ನೂ ಕಿರಿದುಗೊಳಿಸುತ್ತಾರೆ. ಕಟ್ಟಿಗೆ ಉರಿದು ಬೂದಿಯಾಗಬಾರದು. ಗಾಳಿಯ ಅಭಾವದಲ್ಲಿ ಬೆಂದು ಕರಿಯಾಗಬೇಕು. ಮೊದಮೊದಲು ದಟ್ಟ ಬಿಳಿಯ ಹೊಗೆ ಬರುತ್ತದೆ. ಅದರಲ್ಲಿ ಬಹುಪಾಲು ಕಟ್ಟಿಗೆಯ ನೀರಿನ ಆವಿ. ಸುಮಾರು 280 ಡಿಗ್ರಿ ದಾಟಿದ ಬಳಿಕ ಕಟ್ಟಿಗೆ ತಾನೇ ಶಾಖವನ್ನು ಬಿಡುತ್ತ ಒಡೆಯತೊಡಗುತ್ತದೆ. ಆಗ ಹೊಗೆ ಹಳದಿಗೆ ತಿರುಗಿ ಕಣ್ಣು, ಗಂಟಲುಗಳನ್ನು ಕಾಡುತ್ತದೆ. ಕೊನೆಗೆ ತೆಳುವಾದ ನೀಲಿ ಹೊಗೆ ಕಂಡಾಗ ಸುಡುವವರು ಎಲ್ಲ ಕಿಂಡಿಗಳನ್ನು ಮುಚ್ಚಿ ಭಟ್ಟಿಯನ್ನು ಆರಲು ಬಿಡುತ್ತಾರೆ. ತಡಮಾಡಿದರೆ ಇದ್ದಿಲು ಬೂದಿಯಾಗುತ್ತದೆ, ಅವಸರಿಸಿದರೆ ಅರೆಬೆಂದ ಕೊಳ್ಳಿಗಳು ಉಳಿಯುತ್ತವೆ. ರಾತ್ರಿಯಿಡೀ ಎಚ್ಚರವಿದ್ದು ಹೊಗೆಯ ಬಣ್ಣವನ್ನು ಕಾಯುವ ಈ ಕೆಲಸಗಾರರ ಕಣ್ಣು ಮತ್ತು ಶ್ವಾಸಕೋಶಗಳೇ ಆ ಚೀಲದ ಮೊದಲ ಬೆಲೆಯನ್ನು ತೆತ್ತಿರುತ್ತವೆ.

ಇಲ್ಲಿ ಒಂದು ಲೆಕ್ಕವನ್ನು ವಿದ್ಯಾರ್ಥಿಗಳು ಬರೆದುಕೊಳ್ಳುವುದು ಒಳಿತು. ಮಣ್ಣಿನ ಭಟ್ಟಿಯಲ್ಲಿ ನೂರು ಕಿಲೋ ಒಣಕಟ್ಟಿಗೆಯಿಂದ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ಕಿಲೋ ಇದ್ದಿಲು ದೊರೆಯುತ್ತದೆ. ಅಂದರೆ ಒಂದು ಕಿಲೋ ಇದ್ದಿಲಿನ ಹಿಂದೆ ಐದರಿಂದ ಏಳು ಕಿಲೋ ಕಟ್ಟಿಗೆ ಇದೆ. ಆ ಕಟ್ಟಿಗೆಯಲ್ಲಿದ್ದ ಶಾಖದ ಬಹುಪಾಲು ಭಟ್ಟಿಯಲ್ಲಿಯೇ ಹೊಗೆಯೊಡನೆ ಹೋಗಿರುತ್ತದೆ. ಹಿತ್ತಲಿನಲ್ಲಿ ಹೊತ್ತಿಸಲು ಬಾರದೆ ಅರ್ಧ ಕಿಲೋ ಇದ್ದಿಲನ್ನು ಹಾಳುಮಾಡಿದರೆ, ಮೂರು ಕಿಲೋದಷ್ಟು ಕಟ್ಟಿಗೆಯನ್ನು ಎಸೆದಂತಾಯಿತು.

ಆ ಕಟ್ಟಿಗೆ ಯಾವ ಮರದ್ದು ಎಂಬುದು ಮಲೆನಾಡಿಗೆ ಹೊಸ ಪ್ರಶ್ನೆಯಲ್ಲ. ಅಂದು ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದಾಗ, ಸಂಸ್ಥಾನದಲ್ಲಿ ಕಲ್ಲಿದ್ದಲು ಇಲ್ಲದ ಕಾರಣ ಅದರ ಊದುಕುಲುಮೆಗೆ ಇದ್ದಿಲನ್ನೇ ಉಣಿಸಬೇಕಾಯಿತು. ಆ ಇದ್ದಿಲು ಸುತ್ತಲಿನ ಮಲೆನಾಡಿನ ಕಾಡುಗಳಿಂದ ಬಂದಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತದ್ದು ಕಾಡು ಯಾರ ಕುಲುಮೆಗೂ ಕೇವಲ ಉರುವಲಲ್ಲ ಎಂಬುದನ್ನು ಹೇಳಲಿಕ್ಕಾಗಿಯೇ. ಮರಗಳನ್ನು ಅಪ್ಪಿಕೊಂಡ ಊರುಗಳಲ್ಲಿ ಇಂದು ಹಿತ್ತಲಿನ ಔತಣಕ್ಕಾಗಿ ಮತ್ತಿ, ಹೊನ್ನೆಗಳ ಇದ್ದಿಲು ಉರಿಯುವುದಾದರೆ ಆ ಅಪ್ಪುಗೆಗೆ ಅರ್ಥವುಳಿಯದು.

ಇದ್ದಿಲು ಬೇಕೇಬೇಕೆನ್ನುವವರು ಬಯಲಿನ ಜಾಲಿಯದನ್ನೋ ತೆಂಗಿನ ಕರಟದ್ದನ್ನೋ ತರುವುದು ಕಾಡಿನ ಮರದ್ದನ್ನು ತರುವುದಕ್ಕಿಂತ ಎಷ್ಟೋ ಮೇಲು. ಇಷ್ಟರಿಂದಲೇ ಜಾಲಿ ಅಳಿದುಹೋಗುತ್ತದೆಂದು ಭಾವಿಸಬಾರದು. ಬುಡವನ್ನು ಅಗೆದು ತೆಗೆಯದೆ ಕಡಿದ ಜಾಲಿ ಮತ್ತೆ ಚಿಗುರುತ್ತದೆ. ಇದ್ದಿಲಿನ ವ್ಯಾಪಾರ ನಡೆಯುವುದೂ ಆ ಚಿಗುರಿನ ಬಲದಿಂದಲೇ. ಕೆರೆಯಂಗಳವನ್ನು ಜಾಲಿಯಿಂದ ಬಿಡಿಸಬೇಕೆನ್ನುವ ರೈತ ಮತ್ತು ಅದೇ ಜಾಲಿಯಿಂದ ಗಂಜಿ ಕಾಣುವ ಕೂಲಿಕಾರ ಒಂದೇ ಊರಿನವರೆಂಬುದನ್ನೂ ಮರೆಯಬಾರದು. ಇನ್ನೊಂದು ಮಾತು: 1927ರ ಭಾರತೀಯ ಅರಣ್ಯ ಕಾಯ್ದೆ ಇದ್ದಿಲನ್ನು, ಅದು ಕಾಡಿನಿಂದ ಬಂದಿರಲಿ ಬಿಡಲಿ, ಅರಣ್ಯೋತ್ಪನ್ನವೆಂದೇ ಹೆಸರಿಸಿದೆ. ಚೀಲ ಕೊಳ್ಳುವಾಗ ಯಾವ ಮರದ್ದು, ಯಾವ ಊರಿನದು, ಸಾಗಣೆಯ ಪರವಾನಗಿ ಉಂಟೇ ಎಂದು ಕೇಳುವುದು ಕೊಳ್ಳುವವರ ಹಕ್ಕೂ ಹೌದು, ಹೊಣೆಯೂ ಹೌದು.

ಇನ್ನು ಎರಡನೆಯ ಪ್ರಶ್ನೆ. ಸೌದೆ ಬೇಗ ಹೊತ್ತುತ್ತದೆ, ಇದ್ದಿಲು ಬೇಗ ಹೊತ್ತುವುದಿಲ್ಲ; ಏಕೆ? ಸೌದೆ ಕಾಯ್ದಾಗ ಅದರೊಳಗಿಂದ ಉರಿಯುವ ಅನಿಲಗಳು ಹೊರಡುತ್ತವೆ. ನಾವು ಜ್ವಾಲೆಯೆಂದು ಕಾಣುವುದು ಆ ಅನಿಲಗಳ ಉರಿಯನ್ನು. ಇದ್ದಿಲಿನಲ್ಲಿ ಅಂಥ ಅನಿಲಗಳ ಬಹುಪಾಲು ಭಟ್ಟಿಯಲ್ಲಿಯೇ ಹೊರಟುಹೋಗಿರುತ್ತದೆ. ಉಳಿದಿರುವುದು ಮುಖ್ಯವಾಗಿ ಇಂಗಾಲ. ಅದು ತನ್ನ ಮೈಮೇಲೆಯೇ ಉರಿಯಬೇಕು. ಅದಕ್ಕೆ ಮೈ ಚೆನ್ನಾಗಿ ಕಾಯಬೇಕು, ಕಾಯ್ದ ಮೈಗೆ ಗಾಳಿ ಸೋಕುತ್ತಿರಬೇಕು. ಒಂಟಿ ಕೆಂಡ ತನ್ನ ಶಾಖವನ್ನು ಸುತ್ತಲೂ ಚೆಲ್ಲಿ ಬೇಗ ನಂದುತ್ತದೆ. ಹತ್ತು ಕೆಂಡಗಳನ್ನು ಒತ್ತಟ್ಟಿಗೆ ಇಟ್ಟರೆ ಒಂದರ ಶಾಖ ಇನ್ನೊಂದನ್ನು ಕಾಯುತ್ತದೆ. ಇದ್ದಿಲು ಹೊತ್ತಿಸುವ ವಿಧಾನಗಳೆಲ್ಲವೂ ಈ ಎರಡು ಮಾತುಗಳ ಮೇಲೆ ನಿಂತಿವೆ: ಶಾಖವನ್ನು ಚದುರಗೊಡಬಾರದು, ಗಾಳಿಯನ್ನು ತಡೆಯಬಾರದು.

ರಾಯಚೂರು ನಗರದ ಬೀದಿಗಳಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವವರು, ಮೆಕ್ಕೆತೆನೆ ಸುಡುವವರು, ಸಂಜೆ ಕಬಾಬು ಸುಡುವವರು ಈ ಶಾಸ್ತ್ರವನ್ನು ಓದಿದವರಲ್ಲ. ಆದರೂ ಅದನ್ನು ಬಲ್ಲರು. ತೆನೆ ಸುಡುವವರು ಶೇಗಡಿಯ ಕೆಂಡಗಳನ್ನು ಹರಡದೆ ಗುಪ್ಪೆಮಾಡಿ ಬೀಸಣಿಗೆ ಬೀಸುತ್ತಾರೆ. ಇಸ್ತ್ರಿಯವರು ಪೆಟ್ಟಿಗೆಯ ತಳದಲ್ಲಿ ಉರಿಯುವ ಕರಟದ ತುಂಡುಗಳನ್ನಿಟ್ಟು ಮೇಲೆ ಇದ್ದಿಲು ತುಂಬಿ, ಪೆಟ್ಟಿಗೆಯನ್ನು ಗಾಳಿಗೆ ಮುಖಮಾಡಿ ಇಡುತ್ತಾರೆ. ಕಮ್ಮಾರನ ತಿದಿ ಗಾಳಿಯನ್ನು ನೇರವಾಗಿ ಕೆಂಡದ ನಡುವಿಗೇ ಒಯ್ಯುತ್ತದೆ. ಹಳ್ಳಿಯ ಮನೆಗಳಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳಿನ ಚೂರುಗಳೇ ಹೊತ್ತಿಸುವ ಸಾಧನ. ಒಲೆಯ ಕೆಂಡವನ್ನು ಇಕ್ಕಳದಿಂದ ಎತ್ತಿ ಇದ್ದಿಲಿನ ನಡುವೆ ಇಡುವುದು ಎಲ್ಲಕ್ಕಿಂತ ಹಳೆಯದೂ ಖರ್ಚಿಲ್ಲದ್ದೂ ಆದ ವಿಧಾನ.

ಇವುಗಳ ನಡುವೆ ಒಂದು ಕೆಟ್ಟ ರೂಢಿಯೂ ಉಂಟು. ಅದು ಸೀಮೆಎಣ್ಣೆ, ಉತ್ತರದ ಕಡೆ ಚಿಮಣಿ ಎಣ್ಣೆ ಎನ್ನುತ್ತಾರೆ. ಎಣ್ಣೆ ಸುರಿದ ಇದ್ದಿಲು ಭಗ್ಗನೆ ಹೊತ್ತುತ್ತದೆ. ಆದರೆ ಆಗ ಉರಿಯುವುದು ಎಣ್ಣೆಯೇ ಹೊರತು ಇದ್ದಿಲಲ್ಲ. ಎಣ್ಣೆ ತೀರಿದ ಮೇಲೆ ಇದ್ದಿಲು ಅರೆಕಾಯ್ದು ನಿಲ್ಲುತ್ತದೆ. ಆಗ ಎರಡನೆಯ ಸಲ ಎಣ್ಣೆ ಸುರಿಯುವ ಕೈಯೇ ಸುಟ್ಟುಕೊಳ್ಳುವ ಕೈ. ಬಿಸಿ ಇದ್ದಿಲಿನ ಮೇಲೆ ಬಿದ್ದ ಎಣ್ಣೆ ಕ್ಷಣದಲ್ಲಿ ಆವಿಯಾಗಿ, ಆ ಆವಿಗೆ ಬೆಂಕಿ ಹಿಡಿದು ಡಬ್ಬಿಯವರೆಗೂ ಏರಬಲ್ಲದು. ಪೆಟ್ರೋಲಿನ ಮಾತಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಚೀಲ, ಹಳೆಯ ಚಪ್ಪಲಿ, ಟೈರಿನ ಚೂರುಗಳನ್ನು ಹೊತ್ತಿಸಲು ಬಳಸುವುದು ಅಡುಗೆಗೆ ವಿಷ ಬೆರೆಸಿದಂತೆಯೇ ಸರಿ.

ಹಿತ್ತಲಿಗೆ ಅತ್ಯಂತ ಒಗ್ಗುವ ಸಾಧನವೆಂದರೆ ಎರಡೂ ಕಡೆ ತೆರೆದ ಒಂದು ತಗಡಿನ ಡಬ್ಬಿ. ಐದು ಲೀಟರಿನ ಹಳೆಯ ಅಡುಗೆ ಎಣ್ಣೆಯ ಡಬ್ಬಿ ಸಾಕು; ಅದರಲ್ಲಿ ಸುಮಾರು ಒಂದು ಕಿಲೋ ಇದ್ದಿಲು ಹಿಡಿಯುತ್ತದೆ. ಮೇಲಿನ ಮತ್ತು ಕೆಳಗಿನ ತಗಡನ್ನು ಕತ್ತರಿಸಿ ತೆಗೆಯಬೇಕು. ತಳದಿಂದ ನಾಲ್ಕು ಬೆರಳು ಮೇಲೆ ದಪ್ಪ ಕಬ್ಬಿಣದ ತಂತಿಗಳನ್ನು ಅಡ್ಡ ಹಾಯಿಸಿ ಜಾಲರಿಯಂತೆ ಮಾಡಬೇಕು. ಜಾಲರಿಯ ಕೆಳಗೆ ಸುತ್ತಲೂ ಬೆರಳು ತೂರುವಷ್ಟು ರಂಧ್ರಗಳನ್ನು ಕೊರೆಯಬೇಕು. ಹಿಡಿಯಲು ಮರದ ಹಿಡಿಕೆಯನ್ನು ಬಿಗಿಯುವುದು ಲೇಸು. ಡಬ್ಬಿಯ ಬಣ್ಣ ಸುಟ್ಟುಹೋಗುವವರೆಗೆ ಒಮ್ಮೆ ಬಯಲಿನಲ್ಲಿ ಬರಿದೇ ಕಾಯಿಸಬೇಕು. ಸತುವಿನ ಲೇಪವಿರುವ ತಗಡನ್ನು ಬಳಸಬಾರದು. ಅತಿಶಾಖದಲ್ಲಿ ಅದರಿಂದ ಏಳುವ ಹೊಗೆ ಜ್ವರವನ್ನು ತರುತ್ತದೆ.

ಡಬ್ಬಿಯನ್ನು ಮೂರು ಕಲ್ಲುಗಳ ಮೇಲಿಟ್ಟು, ಜಾಲರಿಯ ಮೇಲೆ ಇದ್ದಿಲು ತುಂಬಿ, ಕೆಳಗೆ ಎರಡು ಹಾಳೆ ಹಳೆಯ ಪತ್ರಿಕೆಯನ್ನೋ ಒಂದು ಹಿಡಿ ತೆಂಗಿನ ನಾರನ್ನೋ ಒಣ ಅಡಿಕೆ ಹಾಳೆಯ ಚೂರುಗಳನ್ನೋ ಇಟ್ಟು ಬೆಂಕಿ ಹಚ್ಚಬೇಕು. ಮೊದಲ ನಾಲ್ಕೈದು ನಿಮಿಷ ಹೊಗೆ ಬರುತ್ತದೆ. ಅದು ಬಹುಮಟ್ಟಿಗೆ ಕೆಳಗಿನ ನಾರಿನದು. ಬಳಿಕ ಬಿಸಿಗಾಳಿ ಹಗುರಾಗಿ ಮೇಲೇರುತ್ತ, ಕೆಳಗಿನಿಂದ ಹೊಸ ಗಾಳಿಯನ್ನು ತಾನೇ ಸೆಳೆದುಕೊಳ್ಳುತ್ತದೆ. ಊದುವ ಕೆಲಸವೂ ಇಲ್ಲ, ಬೀಸುವ ಕೆಲಸವೂ ಇಲ್ಲ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮೇಲಿನ ತುಂಡುಗಳ ಅಂಚಿನಲ್ಲಿ ಬೂದಿ ಕಾಣುತ್ತದೆ. ಆಗ ಡಬ್ಬಿಯನ್ನು ಒಲೆಯೊಳಕ್ಕೆ ಬಗ್ಗಿಸಬೇಕು. ಮಳೆಗಾಲದಲ್ಲಿ ಇದ್ದಿಲು ಗಾಳಿಯ ತೇವವನ್ನು ಹೀರಿ ಮಂಕಾಗುವುದರಿಂದ ಅದನ್ನು ಮುಚ್ಚಳವಿರುವ ಡಬ್ಬದಲ್ಲಿ ಇಡುವುದು ಮಲೆನಾಡಿನಲ್ಲಿ ಅನಿವಾರ್ಯ.

ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆಗೆ ಎಲ್ಲ ಇದ್ದಿಲನ್ನೂ ಒಮ್ಮೆಲೇ ಹೊತ್ತಿಸಬೇಕಾಗಿಲ್ಲ. ಹೊತ್ತದ ಇದ್ದಿಲನ್ನು ಒಲೆಯಲ್ಲಿ ಸಾಲಾಗಿ ಹರಡಿ, ಒಂದು ತುದಿಯಲ್ಲಿ ಎಂಟು ಹತ್ತು ಕೆಂಡಗಳನ್ನು ಇಟ್ಟರೆ ಬೆಂಕಿ ಗಂಟೆಗಟ್ಟಲೆ ನಿಧಾನವಾಗಿ ತೆವಳುತ್ತದೆ. ಕೆಳಗಿನ ಕಿಂಡಿಯಿಂದ ಶಾಖವನ್ನು ಹತೋಟಿಯಲ್ಲಿಡಬೇಕು. ಮೇಲಿನ ಕಿಂಡಿಯನ್ನು ಮುಚ್ಚಬಾರದು. ಮುಚ್ಚಿದರೆ ಹೊಗೆ ಒಳಗೇ ತಂಗಿ, ಮಸಿಯಾಗಿ, ಆಹಾರ ಕಹಿಯಾಗುತ್ತದೆ. ದಟ್ಟ ಹೊಗೆಯಲ್ಲಿಯೂ ಕೆಂಡಕ್ಕೆ ಬಿದ್ದು ಸುಡುವ ಕೊಬ್ಬಿನಲ್ಲಿಯೂ ಕ್ಯಾನ್ಸರಿಗೆ ಕಾರಣವಾಗುವ ಬೆಂಜೋಪೈರೀನಿನಂಥ ವಸ್ತುಗಳು ಹುಟ್ಟುತ್ತವೆ. ತೆಳು ಹೊಗೆಯೇ ಒಳ್ಳೆಯ ಹೊಗೆ. ಪರಿಮಳಕ್ಕಾಗಿ ಹಲಸು, ಪೇರಳೆಗಳ ಒಣಗಿದ ತುಂಡೊಂದೆರಡು ಸಾಕು. ಕಣಗಿಲೆಯನ್ನಾಗಲಿ, ಮೈಗೆ ಸೋಕಿದರೆ ಬೊಬ್ಬೆಯೇಳಿಸುವ ಚೇರಿನಂಥ ಮರಗಳನ್ನಾಗಲಿ, ಬಣ್ಣ ಬಳಿದ ಹಲಗೆ, ಪ್ಲೈವುಡ್‌ಗಳನ್ನಾಗಲಿ ಎಂದಿಗೂ ಹಾಕಬಾರದು.

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಚೆನ್ನಾಗಿ ಹೊತ್ತಿದ ಇದ್ದಿಲಿನ ಮೇಲೆ ಕೆಲವೊಮ್ಮೆ ಸಣ್ಣ ನೀಲಿ ನಾಲಗೆಗಳು ಆಡುವುದನ್ನು ಎಲ್ಲರೂ ಕಂಡಿದ್ದಾರೆ. ಅದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಉರಿಯುವ ಬಣ್ಣ. ಗಾಳಿ ಸಾಲದಾದಾಗ, ಅಥವಾ ಕೆಂಡದ ಮೇಲೆ ಬೂದಿ ಮುಸುಕಿ ನೀಲಿ ನಾಲಗೆ ಅಡಗಿದಾಗ, ಆ ಅನಿಲ ಉರಿಯದೆ ಹಾಗೆಯೇ ಕೋಣೆಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಬಳಲಿಕೆ. ಅನಂತರ ನಿದ್ರೆಯಂಥ ಮಂಪರು. ಮಲಗಿದ್ದವರಿಗೆ ಎಚ್ಚರವಾಗುವ ಅವಕಾಶವೇ ಇರುವುದಿಲ್ಲ. ಹೊಗೆ ಕಾಣುತ್ತಿಲ್ಲ, ಆದುದರಿಂದ ಭಯವಿಲ್ಲ ಎಂದು ತಿಳಿಯುವಲ್ಲಿಯೇ ಜೀವಹಾನಿ ಅಡಗಿದೆ.

ಬಯಲಿನಲ್ಲಿಯೂ ಬೆಟ್ಟದಲ್ಲಿಯೂ ಬಾಣಂತಿಯ ಕೋಣೆಗೆ ಕೆಂಡ ಇಡುವ ಪದ್ಧತಿ ಉಂಟು. ಗಾಳಿ ಸೋಕಬಾರದೆಂದು ಕಿಟಕಿ ಬಾಗಿಲುಗಳನ್ನು ಮುಚ್ಚಿ, ಮಂಚದ ಕೆಳಗೆ ಕೆಂಡದ ಪಾತ್ರೆಯನ್ನು ಇರಿಸುತ್ತಾರೆ. ಹಿರಿಯರ ಉದ್ದೇಶ ಮಮತೆಯದೇ ಆಗಿದೆ. ಆದರೆ ತಾಯಿಯಷ್ಟೇ ಅಲ್ಲ, ಉಸಿರಾಟ ಇನ್ನೂ ಪುಟ್ಟದಾದ ಹಸುಗೂಸೂ ಅದೇ ಗಾಳಿಯನ್ನು ಉಸಿರಾಡುತ್ತದೆ. ಆಷಾಢದ ಮಳೆಯಲ್ಲಿ ಬಟ್ಟೆ ಒಣಗಿಸಲು, ಚಳಿಯ ರಾತ್ರಿ ಮೈ ಬೆಚ್ಚಗಾಗಿಸಲು ಮಲಗುವ ಕೋಣೆಗೆ ಅಗ್ಗಿಷ್ಟಿಕೆ ತರುವುದೂ, ಔತಣ ಮುಗಿದ ಮೇಲೆ ಉಳಿದ ಕೆಂಡದ ಒಲೆಯನ್ನು ಅತಿಥಿಗಳ ಡೇರೆಯೊಳಗೆ ಎಳೆದುಕೊಳ್ಳುವುದೂ ಇದೇ ಅಪಾಯವನ್ನು ಕರೆಯುತ್ತವೆ. ಕೋಣೆಯನ್ನು ಬೆಚ್ಚಗಿಡಬೇಕಾದರೆ ಬಿಸಿನೀರಿನ ಚೀಲ, ಹೊರಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿದ ಇಟ್ಟಿಗೆ, ಹೆಚ್ಚಿನ ಹೊದಿಕೆಗಳು ಇವೆ. ಯಾರಿಗಾದರೂ ಕೆಂಡದ ಕೋಣೆಯಲ್ಲಿ ತಲೆ ಸುತ್ತಿದರೆ ಕೂಡಲೇ ಬಯಲಿಗೆ ಎತ್ತಿ ತರಬೇಕು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಡುವ ಆಮ್ಲಜನಕವೇ ಇದಕ್ಕೆ ಮದ್ದು.

ಆರಿಸುವುದೂ ಹೊತ್ತಿಸುವುದರ ಭಾಗವೇ ಆಗಿದೆ. ಕೆಲಸ ಮುಗಿದ ಮೇಲೆ ಉಳಿದ ಕೆಂಡವನ್ನು ಬಿಗಿ ಮುಚ್ಚಳದ ಲೋಹದ ಪಾತ್ರೆಗೆ ಹಾಕಿ ಮುಚ್ಚಿದರೆ ಅದು ಗಾಳಿಯಿಲ್ಲದೆ ಆರುತ್ತದೆ; ಮರುದಿನ ಅದೇ ಇದ್ದಿಲು ಬೇಗ ಹೊತ್ತುತ್ತದೆ. ಆ ಪಾತ್ರೆಯೂ ಮನೆಯ ಹೊರಗೇ ಇರಬೇಕು. ಬೂದಿಯೊಳಗಿನ ಕೆಂಡ ಒಂದು ಹಗಲಿಗೂ ಮೀರಿ ಜೀವ ಹಿಡಿದಿರಬಲ್ಲದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟದ್ದನ್ನು ಕಂಡವರಿಗೆ, ಮಾಘ ಫಾಲ್ಗುಣಗಳ ಒಣ ತರಗೆಲೆಯ ಮೇಲೆ ಬೂದಿ ಚೆಲ್ಲಬಾರದೆಂದು ಬೇರೆ ಹೇಳಬೇಕಾಗಿಲ್ಲ.

ದೇವದುರ್ಗದ ಬಿಸಿಲಿನಲ್ಲಿ ಹೊಗೆಯ ಬಣ್ಣವನ್ನು ಕಾಯುತ್ತ ಕೂತವರಿಗೆ ಬೆಂಕಿ ಏನು ಮಾಡುತ್ತಿದೆಯೆಂಬುದು ಹೊಗೆಯಿಂದಲೇ ತಿಳಿಯುತ್ತದೆ. ಅವರು ಮಾಡಿ ಕಳಿಸಿದ ಇದ್ದಿಲು ಹಿತ್ತಲಿಗೆ ಬರುವ ಹೊತ್ತಿಗೆ ಆ ಸೂಚನೆ ಅಳಿಸಿಹೋಗಿರುತ್ತದೆ. ಅದನ್ನು ಬಳಸುವವರು ತಿಳಿವಳಿಕೆಯಿಂದ ಆ ಕೊರತೆಯನ್ನು ತುಂಬಿಕೊಳ್ಳಬೇಕು. ಈ ಸಭೆಯಿಂದ ಮನೆಗೆ ಮರಳಿದ ಮೇಲೆ ವಿದ್ಯಾರ್ಥಿಗಳು ಎರಡು ಕೆಲಸ ಮಾಡಲಿ: ಒಂದು ಹಳೆಯ ಡಬ್ಬಿಯನ್ನು ಹುಡುಕಲಿ, ಮನೆಯಲ್ಲಿ ಬಾಣಂತಿಯ ಕೋಣೆಯಿದ್ದರೆ, ಅಜ್ಜಿಯ ಮನಸ್ಸು ನೋಯದಂತೆ ಮಾತನಾಡಿ, ಕೆಂಡದ ಪಾತ್ರೆಯನ್ನು ಅಂಗಳಕ್ಕೆ ತಂದಿಡಲಿ. ಎರಡನೆಯ ಕೆಲಸ ಮೊದಲು ಆಗಲಿ.